ಕರುವನ್ನು ತಾಯಿ ಹತ್ತಿರವೇ ಬಿಟ್ಟು ಡೈರಿಗೆ ಹಾಲು ಹಾಕಿದ್ದು: ನನ್ನ ಅನುಭವ

"ಕರುಗೆ ಕುಡಿಸಿ ಡೈರಿಗೆ ನೀರು ಹಾಕ್ತೀಯೇನಪ್ಪಾ?" 2022ರಲ್ಲಿ ಪಕ್ಕದ ತೋಟದ ಅಜ್ಜ ಹೀಗೆ ಕೇಳಿದ್ದರು. ಮೊನ್ನೆ ಅವರ ಮೊಮ್ಮಗನೇ ಬಂದು ನನ್ನ ಕೊಟ್ಟಿಗೆಯ ಗೇಟಿನ ಅಳತೆ ತಗೊಂಡು ಹೋದ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚನ್ನರಾಯಪಟ್ಟಣದ ಕಡೆ. ತೆಂಗಿನ ತೋಟ, ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಹಸು. ಮೊದಲು ನಾನೂ ಕರು ಹುಟ್ಟಿದ ದಿನವೇ ಬೇರೆ ಕಟ್ಟಿ ಬಕೆಟ್ಟಿನಲ್ಲಿ ಕುಡಿಸುತ್ತಿದ್ದೆ. ತಾಯಿ ಮೂರು ರಾತ್ರಿ ಕೂಗುತ್ತಿತ್ತು. ಗಂಡುಗರು ಆದರೆ ಅದಕ್ಕೆ ಕುಡಿಸುತ್ತಿದ್ದ ಹಾಲು ಇನ್ನೂ ಕಡಿಮೆ. ಗಂಡುಗರು ಕೊಳ್ಳುವವರು ಮೊದಲೇ ಕಡಿಮೆ, 2021ರಲ್ಲಿ ಗೋಹತ್ಯೆ ತಡೆ ಕಾನೂನು ಜಾರಿಯಾದ ಮೇಲೆ ಯಾರೂ ಬರಲಿಲ್ಲ. ಹಾಗೆ ಸೊರಗಿ ಮೂರು ಕರು ಸತ್ತವು. ಅದು ನನ್ನದೇ ತಪ್ಪು. ಮೂರನೆಯದನ್ನು ಹೂಳಿ ಬಂದ ದಿನವೇ ಇನ್ನು ಹೀಗೆ ಮಾಡಲ್ಲ ಅಂದುಕೊಂಡೆ.

ಮೊದಲ ಸಲ ಕರುವನ್ನು ಹಗಲೂ ರಾತ್ರಿ ತಾಯಿ ಜೊತೆಗೇ ಬಿಟ್ಟೆ. ಕರೆಯಲು ಕೈ ಹಾಕಿದರೆ ಹಸು ಸೊರೆ ಬಿಡಲೇ ಇಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸಲಿಲ್ಲ. ಸಿಕ್ಕಿದ್ದು ಎರಡು ಲೀಟರ್. ಕೊನೆಯ ಗಟ್ಟಿ ಹಾಲೆಲ್ಲ ಕರುವಿನ ಹೊಟ್ಟೆಗೆ ಹೋಗಿ, ಡೈರಿಯಲ್ಲಿ ಫ್ಯಾಟ್ (ಹಾಲಿನ ಕೊಬ್ಬಿನಂಶ) ಶೇಕಡಾ 3ರ ಕೆಳಗೆ ಇಳಿಯಿತು. ಕ್ಯಾನು ವಾಪಸ್ ತಂದೆ. ಕರುವಿಗೂ ಜಾಸ್ತಿ ಕುಡಿದು ಭೇದಿ. ಆ ಸೂಲಿನಲ್ಲಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಮುಂದಿನ ಸಲ ಕುಡಿಯದ ಹಾಗೆ ಹಗಲಿಗೆ ಕರುವಿನ ಮೂತಿಗೆ ಕುಕ್ಕೆ ಹಾಕಿದೆ. ಹಸಿದ ಕರು ತಾಯಿಯ ಪಕ್ಕದಲ್ಲೇ ನಿಂತು ನೋಡುವುದು ಬಕೆಟ್ಟಿಗಿಂತ ದೊಡ್ಡ ಹಿಂಸೆ ಅನ್ನಿಸಿತು. ಎರಡೇ ದಿನಕ್ಕೆ ಕಿತ್ತು ಹಾಕಿದೆ.

ಕೊನೆಗೆ ಕೈ ಹಿಡಿದದ್ದು ಗೇಟು. ಮೊದಲ ಹತ್ತು ದಿನ ಗಿಣ್ಣು, ಹಾಲು ಎಲ್ಲ ಕರುವಿನದು. ಕೆಚ್ಚಲು ಬಿಗಿದರೆ ಮಾತ್ರ ಸ್ವಲ್ಪ ಕರೆಯುತ್ತೇನೆ. ಆಮೇಲೆ ರಾತ್ರಿ ಕರು ಗೇಟಿನ ಆ ಕಡೆ. ಮೂಸಬಹುದು, ನೆಕ್ಕಬಹುದು, ಕುಡಿಯುವ ಹಾಗಿಲ್ಲ. ಬೆಳಿಗ್ಗೆ ಒಂದು ನಿಮಿಷ ಕುಡಿಸಿ, ತಾಯಿಯ ಮುಖದ ಹತ್ತಿರ ಕಟ್ಟಿ ಕರೆಯುತ್ತೇನೆ. ನಾಟಿ ಹಸುವಿಗೆ ನಮ್ಮಪ್ಪ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಕರೆದ ಮೇಲೆ ಮಧ್ಯಾಹ್ನದವರೆಗೆ ಎರಡೂ ಜೊತೆಗೆ. ಸಂಜೆ ಮತ್ತೆ ಕರೆಯುವುದು. ಗೇಟಿನ ಸರಳುಗಳ ಸಂದು ಮೊದಲು ಅಗಲವಾಗಿದ್ದು ಒಂದು ಕರು ತಲೆ ಸಿಕ್ಕಿಸಿಕೊಂಡಿತ್ತು. ಈಗ ಒಂದು ಗೇಣಿಗಿಂತ ಕಡಿಮೆ. ವೆಲ್ಡಿಂಗ್ ಸೇರಿ ಆರು ಸಾವಿರ ಆಗಿರಬೇಕು.

ಮೊದಲ ಎರಡು ತಿಂಗಳು ಹಸುವೊಂದಕ್ಕೆ ದಿನಕ್ಕೆ ಮೂರು ನಾಲ್ಕು ಲೀಟರ್ ಡೈರಿಗೆ ಕಡಿಮೆ ಹೋಗುತ್ತದೆ. ಅಂದರೆ ಏಳೆಂಟು ಸಾವಿರ. ಅದು ನಷ್ಟವೇ. ಆದರೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತಿದ್ದ ಕೆಚ್ಚಲು ಬಾವು ಕಳೆದ ವರ್ಷ ಒಂದೇ ಸಲ ಬಂತು. ಕಡಸುಗಳು ಹದಿನೈದು ತಿಂಗಳಿಗೇ ಬೆದೆಗೆ ಬಂದವು, ಮೊದಲು ಎರಡು ವರ್ಷ ಕಾಯುತ್ತಿದ್ದೆ. ಫ್ಯಾಟ್ 3.7ರ ಆಸುಪಾಸು. ನಮ್ಮೂರಿನಲ್ಲಿ ನನ್ನ ಕಡಸುಗಳಷ್ಟು ಮೈ ತುಂಬಿದವು ಇನ್ನೊಂದು ಕಡೆ ಇಲ್ಲ. ಧೈರ್ಯವಾಗಿ ಹೇಳುತ್ತೇನೆ.

ಹಾಲು ಬಿಡಿಸುವ ವಾರ ಕೂಗಾಟ ಇಲ್ಲದಂತೆ ಮಾಡುವುದಕ್ಕೆ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ. ಕೊಟ್ಟಿಗೆಗೆ ಬಂದರೆ ತೋರಿಸುತ್ತೇನೆ.

ಗಂಡುಗರುಗಳ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಹೆಣ್ಣುಗರುವೇ ಹುಟ್ಟಲಿ ಅಂತ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಹಾಕಿಸುತ್ತಿದ್ದೇನೆ, ಆದರೂ ಒಂದೊಂದು ಗಂಡು ಹುಟ್ಟುತ್ತವೆ. ಎರಡನ್ನು ಗಾಡಿಗೆ ಪಳಗಿಸಿದ್ದೇನೆ. ಮಿಶ್ರತಳಿಯವಾದ್ದರಿಂದ ಹಿಣಿಲು (ಬೆನ್ನಿನ ಡುಬ್ಬ) ಇಲ್ಲದ ಹೆಗಲಿಗೆ ನೊಗ ನಿಲ್ಲಲಿಲ್ಲ, ಒಂದಕ್ಕೆ ಹುಣ್ಣಾಯಿತು. ಮೆತ್ತೆ ಹೊಲಿಸಿ ಸರಿ ಮಾಡಿದೆ. ಬಿಸಿಲಿಗೆ ಏದುತ್ತವೆ, ಅದಕ್ಕೆ ಬೆಳಿಗ್ಗೆ ಎಂಟರೊಳಗೆ ಸೀಮೆಹುಲ್ಲು ಎಳೆದು ತಂದು ಬಿಚ್ಚಿಬಿಡುತ್ತೇನೆ.