ಕೊನೆಯ ಪುಟಗಳಿಗೆ ಕಾಗದದ ಪಟ್ಟಿ ಸುತ್ತಿ ಪತ್ತೇದಾರಿ ಕಾದಂಬರಿ ಮಾರಿದ್ದು: ನನ್ನ ಅನುಭವ

ಪತ್ತೇದಾರಿ ಕಾದಂಬರಿ ನಂಬಿಕೊಂಡು ಪುಸ್ತಕದ ಅಂಗಡಿ ನಡೆಯಲ್ಲ ಎಂದು ನನಗೆ ಹೇಳಿದವರಲ್ಲಿ ಇದನ್ನು ಓದುವ ಕೆಲವರೂ ಇದ್ದೀರಿ. ಲೇಖಕರನ್ನು ಕರೆಸಿ ಕಾರ್ಯಕ್ರಮ ಮಾಡಿದರೆ ಕೈಯಿಂದ ಹೋಗೋದೇ ಹೊರತು ಬರೋದೇನಿಲ್ಲ ಎಂದೂ ಹೇಳಿದ್ದಿರಿ. ಈಗ ಶಿವಮೊಗ್ಗದ ನಮ್ಮ ಅಂಗಡಿಯಲ್ಲಿ ಕನ್ನಡದ ಕ್ರೈಂ ಮತ್ತು ಥ್ರಿಲ್ಲರ್‌ಗೆ ಅಂತಲೇ ಎರಡು ಪೂರ್ತಿ ಕಪಾಟು ಇವೆ. ತಿಂಗಳು ಬಿಟ್ಟು ತಿಂಗಳು ಒಬ್ಬ ಲೇಖಕರು ಬರುತ್ತಾರೆ. ಖರ್ಚು ಕಳೆದು ದುಡ್ಡು ಉಳಿಯುತ್ತಿದೆ. ಹೇಗೆ ಮಾಡಿದಿರಿ ಎಂದು ಫೋನ್ ಮಾಡಿ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ಮೊದಲು ನಾನೂ ಎಲ್ಲರಂತೆ ಬಿಡುಗಡೆ ಸಮಾರಂಭ ಮಾಡುತ್ತಿದ್ದೆ. ಪ್ರಾರ್ಥನೆ, ದೀಪ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಹಾಲ್ ಬಾಡಿಗೆಗೆ ನಾಲ್ಕು ಸಾವಿರ, ಫ್ಲೆಕ್ಸ್‌ಗೆ ಒಂದು, ಶಾಲು ಹಾರಕ್ಕೆ ಒಂದೂವರೆ, ಕಾಫಿ ತಿಂಡಿ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಮಾರಾಟ? ಹದಿನೈದು ಪ್ರತಿ ಆದರೆ ಅದೇ ದೊಡ್ಡದು. 250 ರೂಪಾಯಿ ಪುಸ್ತಕಕ್ಕೆ 35 ಪರ್ಸೆಂಟ್ ಕಮಿಷನ್ ಎಂದರೆ ನನಗೆ ಸಿಗೋದು ಸುಮಾರು 87 ರೂಪಾಯಿ. ಹದಿನೈದು ಪ್ರತಿಗೆ ಸಾವಿರದ ಮುನ್ನೂರು. ಉಳಿದ ಲೆಕ್ಕ ನಿಮಗೇ ಗೊತ್ತಾಗುತ್ತದೆ.

ಕವನ ಸಂಕಲನಕ್ಕೆ ಈ ಕ್ರಮ ಹೇಗೋ ನಡೆಯುತ್ತದೆ. ನಾಲ್ಕು ಸಾಲು ಓದಿದರೆ ಕೇಳಿದವರಿಗೆ ಅಷ್ಟಾದರೂ ದಕ್ಕುತ್ತದೆ. ಕೊಲೆಯ ಕಾದಂಬರಿಗೆ ಹಾಗಲ್ಲ. ಪುಸ್ತಕ ಓದದವರ ಮುಂದೆ ಲೇಖಕ ಏನು ಮಾತಾಡಬೇಕು ಹೇಳಿ? ಕಥೆ ಹೇಳಿದರೆ ಕೊಳ್ಳುವವರಿಲ್ಲ. ಹೇಳದಿದ್ದರೆ ಮಾತಿಗೆ ವಿಷಯವಿಲ್ಲ. ಒಮ್ಮೆ ಪುಸ್ತಕ ಪರಿಚಯ ಮಾಡಲು ಬಂದ ಹಿರಿಯರೊಬ್ಬರು ಕೊಲೆ ಮಾಡಿದ್ದು ಯಾರು ಎಂದು ಮೈಕಿನಲ್ಲೇ ಹೇಳಿಬಿಟ್ಟರು. ಕೈಯಲ್ಲಿ ಹಿಡಿದುಕೊಂಡಿದ್ದ ಪುಸ್ತಕವನ್ನು ಜನ ಮೆತ್ತಗೆ ಮೇಜಿನ ಮೇಲೆ ವಾಪಸ್ ಇಟ್ಟರು. ಲೇಖಕರ ಮುಖ ನೋಡಲು ಆಗಲಿಲ್ಲ. ಆ ದಿನವೇ ತೀರ್ಮಾನ ಮಾಡಿದೆ. ಪುಸ್ತಕ ಕಾರ್ಯಕ್ರಮದ ದಿನ ಮಾರಬಾರದು, ಮೊದಲೇ ಮಾರಿರಬೇಕು. ಜನ ಓದಿಕೊಂಡೇ ಬರಬೇಕು. ಆದರೆ ಪೂರ್ತಿ ಓದಿರಬಾರದು.

ಪೂರ್ತಿ ಓದದಂತೆ ತಡೆಯೋದು ಹೇಗೆ? ಅಮೆರಿಕದಲ್ಲಿ 1929ರ ಹೊತ್ತಿಗೇ ಹಾರ್ಪರ್ ಪ್ರಕಾಶನದವರು ಇದನ್ನು ಮಾಡಿದ್ದರು. ಪತ್ತೇದಾರಿ ಕಾದಂಬರಿಯ ಕೊನೆಯ ಭಾಗಕ್ಕೆ ಕಾಗದದ ಸೀಲು ಹಾಕಿ ಮಾರುತ್ತಿದ್ದರು. ಸೀಲು ಒಡೆಯದೆ ಪುಸ್ತಕ ತಂದುಕೊಟ್ಟರೆ ಹಣ ವಾಪಸ್. ಇದನ್ನು ಓದಿದ್ದು ನೆನಪಿತ್ತು. ನಮ್ಮಲ್ಲೂ ಯಾಕಾಗಬಾರದು ಅಂದುಕೊಂಡೆ. ಪ್ರಕಾಶಕರೊಬ್ಬರಿಗೆ ಹೇಳಿದರೆ, "ನಿಮಗೆ ತಲೆ ಕೆಟ್ಟಿದೆಯಾ ಮಾರಾಯ್ರೇ, ಕೊಂಡವರು ಮನೆಗೆ ಹೋಗಿ ಪಟ್ಟಿ ಕಿತ್ತು ಓದಲ್ವಾ?" ಅಂದರು. ಕೆಲವರು ಕೀಳುತ್ತಾರೆ, ನಿಜ. ನನ್ನ ಅಂದಾಜಿನಲ್ಲಿ ಹತ್ತರಲ್ಲಿ ಒಬ್ಬರು. ಆದರೆ ಕಿತ್ತವರು ಸುಮ್ಮನೆ ಕೂರುತ್ತಾರೆ. ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಉಳಿದವರು ತಡಕಾಡೋದನ್ನು ನೋಡುವುದರಲ್ಲಿ ಅವರಿಗೊಂದು ಖುಷಿ.

ಪಟ್ಟಿ ಸುತ್ತೋದು ಸುಲಭ ಅಂದುಕೊಳ್ಳಬೇಡಿ. ಗೋಂದು ಹಚ್ಚಿದರೆ ಮಳೆಗಾಲದ ತೇವಕ್ಕೆ ಪುಟಗಳೇ ಅಂಟಿಕೊಂಡವು. ಸೆಲ್ಲೋಟೇಪ್ ಹಾಕಿದರೆ ಕೀಳುವಾಗ ಅಕ್ಷರವೂ ಕಿತ್ತುಬಂತು. ಸ್ಟೇಪ್ಲರ್ ಹೊಡೆದ ಪ್ರತಿಗಳನ್ನು ಗಿರಾಕಿಗಳು ಮುಟ್ಟಲಿಲ್ಲ, "ಹೊಸ ಪುಸ್ತಕಕ್ಕೆ ತೂತು ಮಾಡಿದ್ದೀರಲ್ಲ" ಎಂದು ಬೈದರು. ಒಂದು ಬಂಡಲ್ ಪೂರ್ತಿ ಹಾಳಾಯಿತು, ಎರಡು ಎರಡೂವರೆ ಸಾವಿರ ನಷ್ಟ. ಕೊನೆಗೆ ಸಿಕ್ಕ ದಾರಿ ಇದು: ಬ್ರೌನ್ ಕಾಗದದ ಎರಡು ಇಂಚಿನ ಪಟ್ಟಿ ಕೊನೆಯ ಪುಟಗಳನ್ನು ಮಾತ್ರ ಸುತ್ತಿಕೊಂಡು ಬರಬೇಕು, ಅಂಟು ಪಟ್ಟಿಯ ಎರಡು ತುದಿಗಳನ್ನು ಮಾತ್ರ ಹಿಡಿಯಬೇಕು, ಪುಟಕ್ಕೆ ತಾಗಬಾರದು. ಯಾವ ಅಂಟು ಅಂತ ಕೇಳಬೇಡಿ, ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ. ನಮ್ಮ ಅಂಗಡಿಯ ಹುಡುಗಿ ಗಂಟೆಗೆ ನಲವತ್ತು ಪ್ರತಿಗೆ ಸುತ್ತುತ್ತಾಳೆ. ನಾನು ಕೂತರೆ ಅದರ ಅರ್ಧ.

ಪಟ್ಟಿ ಎಲ್ಲಿಂದ ಶುರುವಾಗಬೇಕು ಎನ್ನುವುದೇ ಇಡೀ ಕೆಲಸದ ಜೀವ. ಕೊನೆಯ ಅಧ್ಯಾಯಕ್ಕೆ ಹಾಕಿದರೆ ತೀರಾ ತಡ, ಅಷ್ಟು ಹೊತ್ತಿಗೆ ಓದುಗರಿಗೆ ಗೊತ್ತಾಗಿರುತ್ತದೆ. ಮೊದಲೇ ಹಾಕಿದರೆ ಸುಳಿವುಗಳೆಲ್ಲ ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ, ಊಹೆ ಮಾಡಲು ಏನೂ ಇರಲ್ಲ. ನಾನು ಎರಡು ಸಲ ಓದಿ, ಲೇಖಕರ ಜೊತೆ ಫೋನಿನಲ್ಲಿ ಚರ್ಚಿಸಿ ಪುಟ ಗುರುತು ಮಾಡುತ್ತೇನೆ. 200 ಪುಟದ ಕಾದಂಬರಿಯಲ್ಲಿ ಸಾಮಾನ್ಯವಾಗಿ ಕೊನೆಯ ಇಪ್ಪತ್ತೈದು ಮೂವತ್ತು ಪುಟ ಒಳಗೆ ಹೋಗುತ್ತವೆ. ಇದಕ್ಕಿಂತ ಹೆಚ್ಚು ಹೇಳಲ್ಲ.

ಈಗ ನಡೆಯುವ ಕ್ರಮ ಹೀಗಿದೆ. ಕಾರ್ಯಕ್ರಮಕ್ಕೆ ಮೂರು ನಾಲ್ಕು ವಾರ ಮೊದಲು ಪುಸ್ತಕ ಬರುತ್ತದೆ. ಉಳಿದರೂ ವಾಪಸ್ ಕೊಡಲ್ಲ ಎಂದು ಒಪ್ಪಿ ನಗದಿಗೆ ತೆಗೆದುಕೊಳ್ಳುತ್ತೇನೆ, ಅದಕ್ಕೆ ಪ್ರಕಾಶಕರು 40 ಪರ್ಸೆಂಟ್ ಕಮಿಷನ್ ಕೊಡುತ್ತಾರೆ. ಚಿಕ್ಕ ಪ್ರಕಾಶಕರು ಐನೂರು ಪ್ರತಿ ಅಚ್ಚು ಹಾಕಿಸಿ ಗ್ರಂಥಾಲಯದ ಸಗಟು ಖರೀದಿಯ ದಾರಿ ಕಾಯುವವರು. ನೂರು ಪ್ರತಿಗೆ ಒಟ್ಟಿಗೆ ದುಡ್ಡು ಬಂದರೆ ಅವರಿಗೆ ಮುದ್ರಣದ ಬಿಲ್ ಕಟ್ಟಲು ಆಗುತ್ತದೆ. ಪ್ರತಿ ಪುಸ್ತಕದ ಜೊತೆ ಒಂದು ಚೀಟಿ. ಪಟ್ಟಿಯವರೆಗೆ ಓದಿ, ಕೊಲೆ ಮಾಡಿದವರು ಯಾರು, ಯಾವ ಪುಟದಲ್ಲಿ ಅನುಮಾನ ಬಂತು ಎಂದು ಬರೆದು ಅಂಗಡಿಯ ಪೆಟ್ಟಿಗೆಗೆ ಗುರುವಾರದೊಳಗೆ ಹಾಕಬೇಕು. ಕಾರ್ಯಕ್ರಮ ಶನಿವಾರ ಸಂಜೆ ಐದೂವರೆಗೆ, ಅಂಗಡಿಯಲ್ಲೇ. ದೀಪ ಇಲ್ಲ, ಶಾಲು ಇಲ್ಲ, ಅಧ್ಯಕ್ಷರೂ ಇಲ್ಲ. ಪುಸ್ತಕ ಕೈಯಲ್ಲಿದ್ದವರಿಗೆ ಮಾತ್ರ ಕುರ್ಚಿ.

ಲೇಖಕರು ಪೆಟ್ಟಿಗೆ ತೆರೆದು ಚೀಟಿಗಳನ್ನು ಒಂದೊಂದಾಗಿ ಓದುತ್ತಾರೆ. ಅಲ್ಲೇ ಜಗಳ ಶುರು. ಒಬ್ಬರು ಅಡುಗೆಯವನೇ ಅಂತಾರೆ, ಇನ್ನೊಬ್ಬರು ಅವನಿಗೆ ಆ ರಾತ್ರಿ ಜ್ವರ ಇತ್ತಲ್ಲ ಅಂತಾರೆ. ಲೇಖಕರು ಬಾಯಿ ಬಿಡುವ ಹಾಗಿಲ್ಲ. ಮುಕ್ಕಾಲು ಗಂಟೆ ಹೀಗೆ ನಡೆದ ಮೇಲೆ ಎಲ್ಲರಿಗೂ ಒಂದೊಂದು ಕತ್ತರಿ. ಎಲ್ಲರೂ ಒಟ್ಟಿಗೆ ಪಟ್ಟಿ ಕತ್ತರಿಸಿ, ಕೊನೆಯ ಪುಟಗಳನ್ನು ಅಲ್ಲೇ ಕೂತು ಮೌನವಾಗಿ ಓದುತ್ತಾರೆ. ಅರ್ಧ ಗಂಟೆ. ಇದನ್ನು ಹೇಳಿದಾಗ ನಮ್ಮ ಮನೆಯವರೂ ನಂಬಲಿಲ್ಲ, ಜನ ಎದ್ದು ಹೋಗುತ್ತಾರೆ ಎಂದಿದ್ದರು. ಒಬ್ಬರೂ ಏಳಲಿಲ್ಲ. ಅರವತ್ತು ಎಪ್ಪತ್ತು ಜನ ಒಂದೇ ಕೋಣೆಯಲ್ಲಿ ಒಂದೇ ಪುಟ ತಿರುಗಿಸುವಾಗ ಲೇಖಕರು ಅವರ ಮುಖ ನೋಡುತ್ತಾ ಕೂತಿರುತ್ತಾರೆ. ಇಷ್ಟು ವರ್ಷ ಬರೆದರೂ ಓದುಗರು ಓದೋದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದು ಒಬ್ಬ ಲೇಖಕರು ನನ್ನ ಕೈ ಹಿಡಿದು ಹೇಳಿದರು. ಕರ್ನಾಟಕದಲ್ಲಿ ಬೇರೆ ಯಾವ ಅಂಗಡಿಯಲ್ಲೂ ಇಂಥದ್ದನ್ನು ನಾನು ನೋಡಿಲ್ಲ. ಈ ಮಾತು ಹೇಳುವಾಗ ನನಗೆ ಹೆಮ್ಮೆ ಇದೆ. ಆಮೇಲೆ ಪ್ರಶ್ನೆಗಳು, ಹಸ್ತಾಕ್ಷರ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಭದ್ರಾವತಿ ಕಡೆಯವರು ಬಸ್ಸಿಗೆ ಓಡುತ್ತಾರೆ. ಬೆಂಗಳೂರಿನ ಲೇಖಕರು ರಾತ್ರಿ ತಾಳಗುಪ್ಪ ಕಡೆಯಿಂದ ಬರುವ ಮೈಸೂರು ರೈಲು ಹಿಡಿಯುತ್ತಾರೆ.

ಮೊದಲ ಸಲ ನಲವತ್ತು ಪ್ರತಿ ಹೋದವು, ಬಂದವರು ಅದರ ಅರ್ಧ. ಆಮೇಲೆ ಎಪ್ಪತ್ತಕ್ಕೆ ಏರಿತು. ಈಗ ತೊಂಬತ್ತರಿಂದ ನೂರಹತ್ತರ ಒಳಗೆ ಓಡಾಡುತ್ತಿದೆ. ನೂರು ಪ್ರತಿಗೆ ನನಗೆ ಹತ್ತು ಸಾವಿರ ಬರುತ್ತದೆ. ರೈಲು, ಲಾಡ್ಜು, ತಿಂಡಿ, ಕಾಗದ, ಲೇಖಕರ ಗೌರವಧನ ಸೇರಿ ಏಳು ಸಾವಿರ ಖರ್ಚು. ಗೌರವಧನ ಎರಡು ಸಾವಿರವಾದರೂ ಕೊಡಲೇಬೇಕು ಎನ್ನುವುದು ನನ್ನ ಹಟ. ಹಾಡುವವರಿಗೆ, ಮೈಕಿನವರಿಗೆ ಕೊಡುತ್ತೇವೆ, ಬರೆದವರಿಗೆ ಯಾಕಿಲ್ಲ? ಬಂದ ಜನ ಅದೇ ಸಂಜೆ ಬೇರೆ ಪುಸ್ತಕಗಳನ್ನೂ ಕೊಳ್ಳುತ್ತಾರೆ, ಎಂಟು ಹತ್ತು ಸಾವಿರದ ಬಿಲ್ ಆಗುತ್ತದೆ. ಎಲ್ಲ ಸೇರಿ ಐದಾರು ಸಾವಿರ ಉಳಿಯುತ್ತದೆ. ದೊಡ್ಡ ದುಡ್ಡಲ್ಲ. ಆದರೆ ಹಿಂದೆ ಏಳೂವರೆ ಸಾವಿರಕ್ಕೂ ಹೆಚ್ಚು ಕಳೆದುಕೊಂಡು ಮಾಡುತ್ತಿದ್ದ ಕೆಲಸ ಇದು.

ಹಣ ವಾಪಸ್ ಮಾತನ್ನೂ ನಾನು ಹಾರ್ಪರ್‌ನವರಿಂದ ತೆಗೆದುಕೊಂಡೆ. ಪಟ್ಟಿ ಒಡೆಯದೆ ತಂದರೆ ಪೂರ್ತಿ ಹಣ. ತಂದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಎರಡು ದಿನ ಬಿಟ್ಟು ಮತ್ತೆ ಬಂದು ಅದೇ ಪುಸ್ತಕ ಕೊಂಡುಹೋದರು!

ಇನ್ನೊಂದು ಪ್ರಯೋಗದ ಕಥೆ ಬೇರೆ. ಪತ್ತೇದಾರಿಯನ್ನು ಒಮ್ಮೆ ಓದಿದರೆ ಮುಗೀತು, ಯಾರು ಕೊಳ್ತಾರೆ ಎನ್ನುವ ಮಾತಿದೆಯಲ್ಲ. ಅದಕ್ಕೆ ಕಾರಣವಿದೆ. ನಮ್ಮ ಹಿಂದಿನವರು ಇಂಥ ಪುಸ್ತಕಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕಿಷ್ಟು ಪೈಸೆ ಬಾಡಿಗೆ ಕೊಟ್ಟು ಓದಿದವರು. ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿವರೆಗೆ ಓದಿ ನೂರಾರು ಪತ್ತೇದಾರಿ ಕಾದಂಬರಿ ಬರೆದರು, ಒಂದು ತಲೆಮಾರಿಗೇ ಓದುವ ರುಚಿ ಹತ್ತಿಸಿದರು. ಆದರೆ ಆ ಓದುಗರಲ್ಲಿ ಪುಸ್ತಕ ಕೊಂಡವರಿಗಿಂತ ಬಾಡಿಗೆಗೆ ತಂದವರೇ ಹೆಚ್ಚು. ಅದಕ್ಕೇ ನಾನು, ಓದಿದ ಪುಸ್ತಕ ಎರಡು ತಿಂಗಳಲ್ಲಿ ತಂದರೆ ಮುಖಬೆಲೆಯ 40 ಪರ್ಸೆಂಟ್ ವಾಪಸ್ ಎಂದು ಬೋರ್ಡ್ ಹಾಕಿದೆ. ಹಳೆ ಪುಸ್ತಕದ ಕಪಾಟು ಮಾಡಿ 60 ಪರ್ಸೆಂಟ್‌ಗೆ ಮಾರುವ ಲೆಕ್ಕ. ಕಪಾಟು ತುಂಬಲೇ ಇಲ್ಲ. ಲೇಖಕರ ಸಹಿ ಬಿದ್ದ ಮೇಲೆ ಪುಸ್ತಕವನ್ನು ಯಾರೂ ವಾಪಸ್ ಕೊಡುವುದಿಲ್ಲ. ಈಗ ಆ ಸೌಲಭ್ಯ ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳಿಗೆ ಮಾತ್ರ.

ನನಗೆ ತುಂಬ ತೃಪ್ತಿ ಕೊಟ್ಟದ್ದು ನಿವೃತ್ತ ಇನ್‌ಸ್ಪೆಕ್ಟರ್ ಒಬ್ಬರನ್ನು ಕೂರಿಸಿಕೊಂಡು ಮಾಡಿದ ಸಂಜೆ. ಹೊಸ ಕಾದಂಬರಿಗಳಲ್ಲಿ ಪೊಲೀಸರ ಕೆಲಸ ಎಷ್ಟು ಸರಿಯಾಗಿ ಬರುತ್ತಿದೆ ಎನ್ನುವುದೇ ವಿಷಯ. ಸಾಹೇಬರು ಪೆನ್ಸಿಲ್ ಹಿಡಿದು ನಾಲ್ಕು ಕಾದಂಬರಿ ಓದಿಕೊಂಡು ಬಂದಿದ್ದರು. ಕಥೆ 2025ರಲ್ಲಿ ನಡೆಯುತ್ತದೆ, ಇನ್‌ಸ್ಪೆಕ್ಟರ್ ಮಾತ್ರ ಕೊಲೆಗೆ ಇನ್ನೂ ಹಳೆಯ ದಂಡ ಸಂಹಿತೆಯ 302ನೇ ಸೆಕ್ಷನ್ ಹಾಕ್ತಾನೆ ಅಂದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅಲ್ಲಿಂದಾಚೆ ನಡೆದ ಕೊಲೆಗೆ 103. ಎಫ್‌ಐಆರ್ ಕೂಡ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ರ ಬದಲು ಈಗ ನಾಗರಿಕ ಸುರಕ್ಷಾ ಸಂಹಿತೆಯ 173ರ ಕೆಳಗೆ. ಇದು ಚಿಕ್ಕ ವಿಷಯ. ದೊಡ್ಡದು ಇನ್ನೊಂದಿತ್ತು. ಎಷ್ಟೋ ಕಾದಂಬರಿ ಕೊಲೆಗಾರ ಸ್ಟೇಷನ್ನಿನಲ್ಲಿ ತಪ್ಪೊಪ್ಪಿಕೊಳ್ಳುವುದರೊಂದಿಗೆ ಮುಗಿಯುತ್ತವೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನು ಹೇಳಿದ ಜಾಗದಲ್ಲಿ ಮಚ್ಚು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. "ಹಾಗಾದರೆ ನಿಮ್ಮ ಕಥೆ ಮುಗಿದಿಲ್ಲ, ಅಲ್ಲಿಂದ ಶುರು" ಎಂದು ಸಾಹೇಬರು ಲೇಖಕರಿಗೆ ಹೇಳಿದರು. ಆ ಲೇಖಕರು ಬೇಜಾರು ಮಾಡಿಕೊಳ್ಳಲಿಲ್ಲ, ನೋಟ್‌ಬುಕ್ ತೆಗೆದು ಬರೆದುಕೊಂಡರು. ಅಲ್ಲಿಂದಾಚೆ ಇಬ್ಬರು ಮೂವರು ಲೇಖಕರು ಹಸ್ತಪ್ರತಿಯನ್ನೇ ಸಾಹೇಬರಿಗೆ ಕಳಿಸಲು ಶುರು ಮಾಡಿದ್ದಾರೆ. ಪುಸ್ತಕದ ಅಂಗಡಿಯಿಂದ ಇಷ್ಟಾದರೂ ಆಗಬೇಕು, ಅಲ್ವಾ?

ಎಲ್ಲ ಥ್ರಿಲ್ಲರ್‌ಗೂ ಪಟ್ಟಿ ಒಗ್ಗುವುದಿಲ್ಲ. ಕೆ.ಎನ್. ಗಣೇಶಯ್ಯನವರ ದಾರಿಯಲ್ಲಿ ಚರಿತ್ರೆ ಬೆರೆಸಿ ಬರೆಯುವವರು ಈಗ ಹಲವರಿದ್ದಾರೆ. ಅಲ್ಲಿ ಕೊಲೆಗಾರನನ್ನು ಊಹಿಸುವುದಕ್ಕಿಂತ ಜಾಗ, ಶಾಸನ, ದೇವಸ್ಥಾನದ ಕುತೂಹಲವೇ ಜಾಸ್ತಿ. ಅಂಥ ಒಂದು ಪುಸ್ತಕಕ್ಕೆ ಪಟ್ಟಿ ಬಿಟ್ಟು ಟೆಂಪೊ ಟ್ರಾವೆಲರ್ ಮಾಡಿ, ಹದಿನಾಲ್ಕು ಹದಿನೈದು ಓದುಗರನ್ನು ಲೇಖಕರ ಜೊತೆ ಸಾಗರ ದಾಟಿ ಕೆಳದಿಗೆ ಕರೆದುಕೊಂಡು ಹೋದೆ. ರಾಮೇಶ್ವರ ದೇವಸ್ಥಾನದ ಎದುರು ಕೂತು ಮಾತು. ತಲೆಗೆ ಏಳುನೂರು ತೆಗೆದುಕೊಂಡರೂ ಗಾಡಿ ಬಾಡಿಗೆ, ಊಟಕ್ಕೆ ಸರಿಹೋಯಿತು, ಲಾಭ ಬರಲಿಲ್ಲ. ಆದರೆ ಬಂದವರೆಲ್ಲ ಈಗ ಖಾಯಂ ಗಿರಾಕಿಗಳು.

ಹೊರಗಿನ ಊರಿಗೆ ಕಳಿಸುವುದು ಕಷ್ಟವಾಗಿದೆ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ಅಂಚೆ, ರಿಜಿಸ್ಟರ್ಡ್ ಬುಕ್ ಪೋಸ್ಟ್, ನಿಂತ ಮೇಲೆ ಒಂದೊಂದು ಪುಸ್ತಕ ಕಳಿಸಿದರೆ ಕಮಿಷನ್ನಿನ ಬಹುಪಾಲು ಅಂಚೆಗೇ ಹೋಗುತ್ತದೆ. ತೀರ್ಥಹಳ್ಳಿ, ಸಾಗರದ ಓದುಗರಿಗೆ ಹತ್ತು ಹನ್ನೆರಡು ಪ್ರತಿ ಒಟ್ಟು ಮಾಡಿ ಬಸ್ಸಿಗೆ ಹಾಕುತ್ತೇನೆ. ಅಲ್ಲಿ ಪರಿಚಯದ ಸ್ಟೇಷನರಿ ಅಂಗಡಿಯವರು ಇಳಿಸಿಕೊಂಡು ಹಂಚುತ್ತಾರೆ, ಪ್ರತಿಗೆ ಹದಿನೈದು ರೂಪಾಯಿ ಅವರಿಗೆ.

ನಿಮ್ಮೂರಲ್ಲಿ ಶುರು ಮಾಡುವುದಾದರೆ ಮೊದಲ ಸಲ ನಲವತ್ತಕ್ಕಿಂತ ಹೆಚ್ಚು ಪ್ರತಿ ನಗದಿಗೆ ತೆಗೆದುಕೊಳ್ಳಬೇಡಿ. ಜೂನ್, ಜುಲೈ ಬಿಡಿ. ನಮ್ಮ ಕಡೆ ಮಳೆ ಹಿಡಿದರೆ ಓದುಗರು ಮನೆಯಲ್ಲಿ ಕೂತು ಪಟ್ಟಿಯವರೆಗೆ ಓದುತ್ತಾರೆ, ಸಂಜೆ ಹೊರಗೆ ಬರುವುದಿಲ್ಲ. ಕತ್ತರಿಗಳನ್ನು ಬಾಡಿಗೆಗೆ ಹುಡುಕಬೇಡಿ, ಮಕ್ಕಳ ಕ್ರಾಫ್ಟಿನ ಮೊಂಡು ಕತ್ತರಿ ಡಜನ್ ಲೆಕ್ಕದಲ್ಲಿ ಸಗಟು ಅಂಗಡಿಯಲ್ಲಿ ಸಿಗುತ್ತದೆ.