ಕಾಂಬೋ ಬಿಟ್ಟ ಮೇಲೇ ರ‍್ಯಾಂಕ್ ಏರಿದ್ದು (ನನ್ನ ಅನುಭವ)

ಸ್ಟ್ರೀಟ್ ಫೈಟರ್ 6 ಅನ್ನೋ ಒಬ್ರಿಗೊಬ್ರು ಹೊಡೆದಾಡೋ ಗೇಮಲ್ಲಿ ರ‍್ಯೂ ಅನ್ನೋ ಪಾತ್ರ ಇಟ್ಕೊಂಡು ಕೊನೆಗೂ ಮಾಸ್ಟರ್ ಅನ್ನೋ ಮೇಲಿನ ಹಂತ ಮುಟ್ಟಿದೆ. "ಕಾಂಬೋ (ಒಂದರ ಹಿಂದೆ ಒಂದು ಬಿಡದೆ ಹಾಕೋ ಏಟು) ಇಲ್ದೆ ಪ್ಲಾಟಿನಂ (ಮಧ್ಯದ ಹಂತ) ದಾಟಲ್ಲ ಗುರು" ಅಂತಿದ್ದೋರೇ ಈಗ ಹೆಂಗ್ ಮಾಡ್ದೆ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡಿನ ವಿಷ್ಯ. ಪ್ಲಾಟಿನಂನಲ್ಲಿ ಸಿಕ್ಕಾಕೊಂಡಿದ್ದಾಗ ಒಳ್ಳೇ ಆರ್ಕೇಡ್ ಸ್ಟಿಕ್ ತಗೊಂಡೆ, ಆ ದುಡ್ಡಿಗೆ ಮೂರ್ನಾಲ್ಕು ಹೊಸ ಗೇಮ್ ಬರ್ತಿತ್ತು. ರ‍್ಯಾಂಕ್ ಇದ್ದಲ್ಲೇ ಇತ್ತು. ಅದನ್ನ ಅರ್ಧ ರೇಟಿಗೆ ಮಾರಿ ಲೆವರ್‌ಲೆಸ್ (ಸ್ಟಿಕ್ ಇಲ್ದೆ ಬರೀ ಬಟನ್ ಇರೋ ಕಂಟ್ರೋಲರ್) ನಾನೇ ಕಟ್ದೆ, ರಾಸ್‌ಬೆರಿ ಪೈ ಪೀಕೋ ಬೋರ್ಡು, ಅದನ್ನ ಕಂಟ್ರೋಲರ್ ಮಾಡೋ ಜಿಪಿ2040-ಸಿಇ ಫರ್ಮ್‌ವೇರು, ಮೇಲೆ ಪ್ಲೈವುಡ್ ಡಬ್ಬ. ಬೋರ್ಡ್ ಅಗ್ಗ, ಫರ್ಮ್‌ವೇರ್ ಪುಕ್ಕಟೆ, ದುಡ್ಡೆಲ್ಲಾ ತಿಂದಿದ್ದು ಸಾನ್ವಾ ಕಂಪನಿ ಬಟನ್ನು. ಸೋಲ್ಡರ್ ಎರಡ್ಮೂರು ಸಲ ಬಿಟ್ಕೊಂಡು ಮ್ಯಾಚ್ ಮಧ್ಯ ಡೌನ್ ಬಟನ್ನೇ ಸತ್ತೋಗಿತ್ತು. ಈಗ ಗಟ್ಟಿಯಾಗಿದೆ, ಕೈಗೆ ಹಿತವಾಗಿದೆ, ಆದ್ರೆ ಇದ್ರಿಂದ ಒಂದು ಮ್ಯಾಚೂ ಜಾಸ್ತಿ ಗೆದ್ದಿಲ್ಲ.

ಆಮೇಲೆ ಎದುರಿನೋನ್ನ ಮೂಲೆಗೆ ತಳ್ಳಿ ಹೊಡೆಯೋ ಕಾರ್ನರ್ ಕಾಂಬೋ ಉಜ್ಜಿದ್ದು. ಟ್ರೈನಿಂಗ್ ಮೋಡಲ್ಲಿ ಹತ್ತಕ್ಕೆ ಒಂಬತ್ತು ಸಲ ಬರ್ತಿತ್ತು, ಮ್ಯಾಚಲ್ಲಿ ಅದನ್ನ ಶುರು ಮಾಡೋಕೇ ಅವಕಾಶ ಸಿಗ್ತಿರ್ಲಿಲ್ಲ. ಸೋತ ರಿಪ್ಲೇಗಳನ್ನ ಕೂತ್ಕೊಂಡು ನೋಡ್ದಾಗ ಗೊತ್ತಾಗಿದ್ದು, ನನ್ನ ಹೆಲ್ತಲ್ಲಿ ಹತ್ತಿರ ಹತ್ತಿರ ಅರ್ಧ ಹೋಗ್ತಿದ್ದಿದ್ದು ಎದುರಿನೋನು ಸುಮ್ನೆ ಹಾರ್ಕೊಂಡು ಬಂದು ಹೊಡೆಯೋದ್ರಿಂದ, ಉಳಿದಿದ್ದರಲ್ಲಿ ದೊಡ್ಡ ಪಾಲು ಡ್ರೈವ್ ಇಂಪ್ಯಾಕ್ಟಿಂದ (ನಮ್ಮ ಏಟು ತಡ್ಕೊಂಡೇ ಬಂದು ಬೀಳೋ ಭಾರಿ ಹೊಡೆತ).

ಹಂಗಾಗಿ ಟ್ರೈನಿಂಗ್ ಮೋಡಿನ ಡಮ್ಮಿ ಎದುರಾಳಿ ಮಾಡ್ಬೇಕಾದ್ದನ್ನ ನಾಲ್ಕು ಸ್ಲಾಟಲ್ಲಿ ರೆಕಾರ್ಡ್ ಮಾಡ್ದೆ. ಒಂದ್ರಲ್ಲಿ ಜಂಪ್ ಕಿಕ್, ಒಂದ್ರಲ್ಲಿ ಹಡೋಕೆನ್ (ದೂರದಿಂದ ಎಸೆಯೋ ಶಕ್ತಿಯ ಉಂಡೆ), ಒಂದ್ರಲ್ಲಿ ಡ್ರೈವ್ ಇಂಪ್ಯಾಕ್ಟ್. ನಾಲ್ಕನೇದು ಹೇಳಲ್ಲ, ನನ್ ಜೊತೆ ಆಡೋರೂ ಇದನ್ನ ಓದ್ತಾರೆ. ಎಲ್ಲಾ ರ‍್ಯಾಂಡಮ್ ಪ್ಲೇಬ್ಯಾಕಿಗೆ ಹಾಕಿ ದಿನಾ ಅರ್ಧ ಗಂಟೆ ಬರೀ ಉತ್ತರ ಕೊಡೋದು. ಇಂಪ್ಯಾಕ್ಟ್ ತಾಗೋಕೆ 26 ಫ್ರೇಮ್ (ಸೆಕೆಂಡಿಗೆ 60 ಫ್ರೇಮ್), ಅಂದ್ರೆ ಅರ್ಧ ಸೆಕೆಂಡಿಗಿಂತ ಕಮ್ಮಿ, ಅದೊಂದನ್ನೇ ಕಾಯ್ತಿದ್ರೆ ಯಾರು ಬೇಕಾದ್ರೂ ಹಿಡೀತಾರೆ, ಬೇರೆದರ ಮಧ್ಯ ಬಂದಾಗ ಹಿಡಿಯೋದೇ ಕಷ್ಟ. ರ‍್ಯಾಂಕ್ಡ್‌ನಲ್ಲಿ ಹಾರಿದ್ರೆ ಕ್ರೌಚಿಂಗ್ (ಕೂತು ಹೊಡೆಯೋ) ಹೆವಿ ಪಂಚ್, ನೆಲದಲ್ಲಿ ಕ್ರೌಚಿಂಗ್ ಮೀಡಿಯಂ ಕಿಕ್, ಹತ್ರ ಬಂದ್ರೆ ಥ್ರೋ (ಬ್ಲಾಕ್ ಮಾಡ್ತಿದ್ರೂ ಹಿಡಿದು ಎಸೆಯೋದು), ಇಂಪ್ಯಾಕ್ಟ್‌ಗೆ ಇಂಪ್ಯಾಕ್ಟ್, ಅಷ್ಟೇ. ಕಿಕ್ ತಾಗಿದ್ರೂ ಅದನ್ನ ಅರ್ಧಕ್ಕೆ ಕ್ಯಾನ್ಸಲ್ ಮಾಡಿ ಹಡೋಕೆನ್ ಹಾಕ್ತಿರ್ಲಿಲ್ಲ.

ಮೊದಲ ಕೆಲವು ವಾರ ಎಲ್‌ಪಿ (ರ‍್ಯಾಂಕ್ ಪಾಯಿಂಟು) ನೋಡೋಕಾಗ್ತಿರ್ಲಿಲ್ಲ, ಹಂಗೆ ಇಳೀತು. ಆಮೇಲೆ ಎದುರಿನೋರು ಹಾರೋದನ್ನೇ ನಿಲ್ಸಿದ್ರು. ಎರಡು ಸಲ ಏಟು ತಿಂದ್ರೆ ಮೂರನೇ ಸಲ ಯೋಚ್ನೆ ಮಾಡ್ತಾರೆ, ಹಾರಲ್ಲ ಅಂದ್ಮೇಲೆ ನಡ್ಕೊಂಡು ಬರ್ಬೇಕು, ನಡೆದ್ರೆ ನನ್ನ ಕಿಕ್ಕಿಗೆ ಸಿಗ್ತಾರೆ, ಕಿಕ್ಕಿಗೆ ಹೆದರಿ ನಿಂತ್ರೆ ನಾನೇ ಹೋಗಿ ಥ್ರೋ ಹಾಕ್ತೀನಿ. 1991ರ ಸ್ಟ್ರೀಟ್ ಫೈಟರ್ 2ರಲ್ಲೂ ಇದೇ ಆಟ ಇತ್ತು, ಈಗ್ಲೂ ಇದೇ. ನಾನು ಇನ್ನೂ ಈ ಗೇಮುಗಳನ್ನ ಬಿಡ್ದೆ ಇರೋದು ಇದಕ್ಕೇ, ಎದುರಿನೋನ ತಲೇಲಿ ಏನ್ ಓಡ್ತಿದೆ ಅಂತ ಅವನ ಕಾಲಿನ ನಡಿಗೇಲೇ ಗೊತ್ತಾಗುತ್ತೆ.

ಮಧ್ಯ ಫೈಟ್‌ಕೇಡಲ್ಲಿ (ಹಳೇ ಗೇಮ್ ಆನ್‌ಲೈನಲ್ಲಿ ಆಡೋ ಜಾಗ) ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಹುಚ್ಚು ಹಿಡಿದಿತ್ತು. 2004ರ ಇವೊ ಟೂರ್ನಮೆಂಟಲ್ಲಿ ಜಪಾನಿನ ಆಟಗಾರ ಡೈಗೊ ಉಮೆಹರಾ ಚೂರೇ ಚೂರು ಲೈಫಲ್ಲಿ ಜಸ್ಟಿನ್ ವಾಂಗ್‌ನ ಚುನ್-ಲೀ ಪಾತ್ರದ ಸೂಪರ್ (ಸಾಲು ಏಟಿನ ದೊಡ್ಡ ಹೊಡೆತ) ಪೂರ್ತಿ ಪ್ಯಾರಿ ಮಾಡಿದ್ದು (ಪ್ರತಿ ಏಟನ್ನೂ ಸರಿ ಟೈಮಿಗೆ ತಳ್ಳಿಹಾಕಿದ್ದು) ನೋಡಿರ್ತೀರಲ್ಲ, ನಾನೂ ಒಂದಿಷ್ಟು ದಿನ ಅದನ್ನೇ ಟ್ರೈ ಮಾಡ್ದೆ. 15 ಏಟಲ್ಲಿ ಏಳೆಂಟರ ತನಕ ಹೋಗ್ತಿದ್ದೆ. ಅಲ್ಲಿ ಪ್ಯಾರಿ ಮಾಡೋಕೆ ಮುಂದಕ್ಕೆ ಒತ್ಬೇಕು, ಅಂದ್ರೆ ಬ್ಲಾಕ್ ಬಿಡ್ಬೇಕು, ಆ ಧೈರ್ಯ ಬಂದ್ಮೇಲೆ ಸ್ಟ್ರೀಟ್ ಫೈಟರ್ 6ರಲ್ಲಿ ಹಡೋಕೆನ್ ನೋಡಿ ಹಿಂದೆ ಸರಿಯೋದು ನಿಂತೋಯ್ತು. 1999ರ ಗೇಮು, ಈಗ್ಲೂ ಯಾವಾಗ ಹೋದ್ರೂ ಆಡೋಕೆ ಜನ ಸಿಗ್ತಾರೆ.

ಎರಡ್ಮೂರು ತಿಂಗಳಾದ್ಮೇಲೆ ಒಂದೇ ಒಂದು ಕಾಂಬೋ ಸೇರಿಸ್ದೆ, ಕಿಕ್ಕಿಂದ ಮುಂದಕ್ಕೆ ನುಗ್ಗೋ ಡ್ರೈವ್ ರಶ್‌ಗೆ ಹೋಗೋದು. ಮುಂದಿನ ಹಂತ ಡೈಮಂಡ್ ಬೇಗ ಬಂತು, 25,000 ಎಲ್‌ಪಿಗೆ (ಅದೇ ಮಾಸ್ಟರ್) ಇನ್ನೊಂದೆರಡು ತಿಂಗಳು ಹಿಡೀತು.

ಈಗ ಇದನ್ನೇ ಟೆಕ್ಕೆನ್ 8 ಅನ್ನೋ ಇನ್ನೊಂದು ಫೈಟಿಂಗ್ ಗೇಮಿಗೆ ಹಾಕಿ ನೋಡ್ತಿದೀನಿ. ಅಲ್ಲಿ ಹಾರೋದಲ್ಲ ತೊಂದ್ರೆ, ಕಾಲಿಗೆ ಬೀಳೋ ಲೋ ಏಟು, ಜೊತೆಗೆ ಪಕ್ಕಕ್ಕೆ ಸರಿಯೋ ಸೈಡ್‌ಸ್ಟೆಪ್ ಬೇರೆ, ಸ್ಲಾಟುಗಳನ್ನ ಬೇರೆ ಥರಾನೇ ತುಂಬ್ಬೇಕು.