ಹಳೆಯ ವ್ಯಾಗನ್‌ಗೆ ಕಾಯ್ಲೋವರ್: ನಾನು ಲೆಕ್ಕ ಶುರು ಮಾಡಿದ್ದು ಡಿಕ್ಕಿಯಿಂದ

ಕಾಯ್ಲೋವರ್ ಅಂದರೆ ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂರಿಸಿ, ಗಾಡಿಯ ಎತ್ತರ ಹೊಂದಿಸಲು ಬರುವಂತೆ ಮಾಡಿದ ಜೋಡಣೆ. ಅದನ್ನು ಹಾಕಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ಇಳಿಯುತ್ತೆ?" ಅಂತ. ವ್ಯಾಗನ್‌ನಲ್ಲಿ, ಅಂದರೆ ಉದ್ದ ಡಿಕ್ಕಿಯ ಕಾರಿನಲ್ಲಿ, ಅದು ಕೊನೆಯ ಪ್ರಶ್ನೆ. ಇವತ್ತು ಗಾಡಿ ಖಾಲಿ. ನಾಳೆ ಹಿಂದಿನ ಸೀಟು ಮಡಚಿ ಚಾವಣಿ ಮುಟ್ಟುವಷ್ಟು ಸಾಮಾನು. ಈ ಎರಡೂ ದಿನ ಒಂದೇ ಸ್ಪ್ರಿಂಗ್ ಕೆಲಸ ಮಾಡಬೇಕು. ಅದಕ್ಕೇ ನಾನು ಲೆಕ್ಕವನ್ನು ಡಿಕ್ಕಿಯಿಂದ ಶುರು ಮಾಡಿದೆ.

ನನ್ನ ಗಾಡಿಯಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಡಿಕ್ಕಿಯ ನೆಲ ಅಗಲವಾಗಿ ಸಿಗಲಿ ಅಂತ ಎಷ್ಟೋ ವ್ಯಾಗನ್‌ಗಳನ್ನು ಹೀಗೇ ಮಾಡಿರುತ್ತಾರೆ. ಅಂದರೆ ಕಿಟ್ ಹೆಸರು ಏನೇ ಇರಲಿ, ನಿಜವಾದ ಕಾಯ್ಲೋವರ್ ಇರುವುದು ಮುಂದೆ ಮಾತ್ರ. ಹಿಂದೆ ಸ್ಪ್ರಿಂಗ್ ಕೂರುವುದು ಚಕ್ರವನ್ನು ಗಾಡಿಗೆ ಹಿಡಿದಿಡುವ ಆರ್ಮ್‌ನ ನಡುಭಾಗದಲ್ಲಿ. ಸ್ಪ್ರಿಂಗ್ ತೆಗೆದು, ಆರ್ಮನ್ನು ಜ್ಯಾಕ್‌ನಲ್ಲಿ ಎತ್ತುತ್ತಾ ಟೇಪಿನಲ್ಲಿ ಅಳೆದೆ. ಚಕ್ರ 10 ಮಿಮೀ ಏರಿದರೆ ಸ್ಪ್ರಿಂಗ್ ಕೂರುವ ಜಾಗ ಏರುವುದು 7 ಮಿಮೀ. ಚಲನೆ, ಬಲ ಎರಡೂ ಇದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ಈ 0.7 ಅನ್ನು ವರ್ಗ ಮಾಡಬೇಕು: 0.49. ಹಾಗಾಗಿ ಮಿಮೀಗೆ 7 ಕೆಜಿ (ಅಂದರೆ 1 ಮಿಮೀ ಕುಗ್ಗಿಸಲು 7 ಕೆಜಿ ಭಾರ) ಅಂತ ಬರೆದ ಸ್ಪ್ರಿಂಗ್ ಚಕ್ರದ ಹತ್ತಿರ ಬರೀ 3.4 ಕೆಜಿಯದ್ದು. ಮುಂದಿನ ಸ್ಟ್ರಟ್‌ನಲ್ಲಿ ಈ ನಷ್ಟ ತೀರಾ ಕಡಿಮೆ. ಅಲ್ಲಿ 4 ಕೆಜಿ ಸ್ಪ್ರಿಂಗ್ ಚಕ್ರಕ್ಕೆ ಸುಮಾರು 3.6 ಕೊಡುತ್ತದೆ. "ಹಿಂದಿನ ಸ್ಪ್ರಿಂಗ್ ಮುಂದಿನದ್ದಕ್ಕಿಂತ ಇಷ್ಟು ಗಟ್ಟಿ ಯಾಕೆ?" ಅಂತ ಗಾಬರಿಯಾಗುವವರು ಈ ಲೆಕ್ಕ ಮಾಡಿರುವುದಿಲ್ಲ.

ಆಮೇಲೆ ತೂಕ. ನಾಲ್ಕೂ ಚಕ್ರಗಳಡಿ ತಕ್ಕಡಿ ಇಟ್ಟು ತೂಗಿದೆ. ಚಕ್ರ, ಬ್ರೇಕು ಅಂತ ಸ್ಪ್ರಿಂಗ್ ಹೊರದ ತೂಕ ಅಂದಾಜಿನಲ್ಲಿ ಕಳೆದೆ. ಮುಂದೆ ಒಂದು ಮೂಲೆಗೆ ಸುಮಾರು 400 ಕೆಜಿ. ಹಿಂದೆ ಖಾಲಿ ಇದ್ದಾಗ 280, ತುಂಬಿದಾಗ 360. ಇದರಿಂದ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆ ಅಂತ ಗೊತ್ತಾಗುತ್ತದೆ. ಮುಂದೆ 4 ಕೆಜಿ ಸ್ಪ್ರಿಂಗ್‌ಗೆ ಬಂದದ್ದು 1.5 ಹರ್ಟ್ಜ್. ರಸ್ತೆ ಗಾಡಿಗೆ ಇದು ಚುರುಕಾದ, ಆದರೆ ಬೆನ್ನು ನೋಯಿಸದ ಸಂಖ್ಯೆ.

1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ ಕಂಡುಕೊಂಡ ಒಂದು ಸೂತ್ರ ಇದೆ. ಹಿಂಬದಿ ಮುಂಬದಿಗಿಂತ ಸ್ವಲ್ಪ ಬೇಗ ತೂಗಬೇಕು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ಹಿಂಬದಿ ತಡವಾಗಿ ಶುರು ಮಾಡಿದರೂ ಬೇಗ ತೂಗಿ ಮುಂಬದಿಯ ಜೊತೆ ಸೇರಿಕೊಂಡರೆ, ಮೂಗು ಮೇಲೆ ಬಾಲ ಕೆಳಗೆ ಅನ್ನುವ ಕುಣಿತ ಬೇಗ ನಿಲ್ಲುತ್ತದೆ. ನಾನು ನೋಡಿದ ಕಿಟ್‌ನಲ್ಲಿ ಹಿಂದೆ 6 ಕೆಜಿ ಸ್ಪ್ರಿಂಗ್ ಇತ್ತು. ಖಾಲಿ ಗಾಡಿಗೆ 1.6 ಹರ್ಟ್ಜ್, ಚೆನ್ನಾಗಿಯೇ ಇದೆ. ಸಾಮಾನು ತುಂಬಿದರೆ 1.4ಕ್ಕೆ ಇಳಿದು ಮುಂದಿನದ್ದಕ್ಕಿಂತ ಕೆಳಗೆ ಹೋಗುತ್ತದೆ. 7 ಕೆಜಿ ಹಾಕಿದರೆ ತುಂಬಿದಾಗಲೂ 1.5ರ ಮೇಲೇ ನಿಲ್ಲುತ್ತದೆ, ಖಾಲಿ ಇದ್ದಾಗ 1.75. ನಾನು 7 ಹಾಕಿಸಿದೆ. ಬರೀ ಕೂಗಾಟದ ಸ್ಪೋರ್ಟ್ ಕಿಟ್‌ಗಳಲ್ಲಿ 10, 12 ಅಂತೆಲ್ಲ ಇರುತ್ತದೆ. ಅದು ಸಾಮಾನು ಹೊರುವ ಗಾಡಿಗೆ ಅಲ್ಲ.

ಹಳೆಯ ವ್ಯಾಗನ್ ಇರುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕೆಲವು ವೋಲ್ವೋಗಳಲ್ಲಿ ಇದ್ದಂತೆ ನಿಮ್ಮ ಗಾಡಿಯ ಹಿಂದೆ ನಿವೋಮ್ಯಾಟ್ ಶಾಕ್ ಇದೆಯಾ ನೋಡಿ. ಅದು ಗಾಡಿ ಓಡುವಾಗ ತಾನೇ ಪಂಪ್ ಮಾಡಿಕೊಂಡು ಎತ್ತರ ಸರಿ ಮಾಡುತ್ತದೆ. ಭಾರದ ಒಂದು ಪಾಲನ್ನೂ ಹೊರುತ್ತದೆ. ಅದರ ಜೊತೆಗಿನ ಸ್ಪ್ರಿಂಗ್ ಅದಕ್ಕೇ ಮೆತ್ತಗಿರುತ್ತದೆ. ಶಾಕ್ ಮಾತ್ರ ಬದಲಿಸಿ ಆ ಸ್ಪ್ರಿಂಗ್ ಉಳಿಸಿಕೊಂಡರೆ ಬಾಲ ಕುಸಿಯುತ್ತದೆ.

ಶಾಕ್‌ನಲ್ಲಿ ಎಷ್ಟು ನಾಬ್ ಬೇಕು? ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ಇವುಗಳಲ್ಲಿ ಎತ್ತರ ಮಾತ್ರ ಬದಲಾಗುತ್ತದೆ. ವೇರಿಯಂಟ್ 2ರಲ್ಲಿ ರೀಬೌಂಡ್ (ಶಾಕ್ ಹಿಗ್ಗುವಾಗಿನ ಹಿಡಿತ) ಕೂಡ, ವೇರಿಯಂಟ್ 3ರಲ್ಲಿ ರೀಬೌಂಡ್, ಕಂಪ್ರೆಶನ್ (ಕುಗ್ಗುವಾಗಿನ ಹಿಡಿತ) ಎರಡೂ. ಭಾರ ಬದಲಾಗುವ ಗಾಡಿಗೆ ರೀಬೌಂಡ್ ಒಂದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡೂ ನಾಬ್ ಇದ್ದರೆ ಸುಮ್ನೆ ತಿರುಗಿಸುತ್ತಾ ಕೂರುವುದೇ ಜಾಸ್ತಿ.

ಜೋಡಿಸುವ ಕೆಲಸ ಕೈಪಿಡಿ ಪ್ರಕಾರವೇ. ಸ್ಟ್ರಟ್‌ನ ಮೇಲ್ತುದಿಯನ್ನು ಗಾಡಿಗೆ ಹಿಡಿಯುವ ಟಾಪ್ ಮೌಂಟ್, ಬೇರಿಂಗ್ ಹೊಸದು ಹಾಕಿದೆ. ಥ್ರೆಡ್‌ಗಳಿಗೆ ಗಟ್ಟಿ ಗ್ರೀಸ್ ಹಚ್ಚಿದೆ. ರಬ್ಬರ್ ಬುಶ್ ಇರುವ ಬೋಲ್ಟ್‌ಗಳನ್ನು ಮಾತ್ರ ಚಕ್ರ ನೆಲದ ಮೇಲೆ ಕೂತ ಎತ್ತರದಲ್ಲೇ ಬಿಗಿ ಮಾಡಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಹಳೆಯ ರಬ್ಬರ್ ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳು ಹೇಳುತ್ತದೆ. ಗಾಡಿ ಎತ್ತಿದಾಗ ಹಿಂದಿನ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗುತ್ತಾ ಅಂತಲೂ ನೋಡಿ. ಸಡಿಲವಾದರೆ ಅದನ್ನು ಜಾಗದಲ್ಲೇ ಒತ್ತಿ ಹಿಡಿಯುವ ಮೆತ್ತನೆಯ ಹೆಲ್ಪರ್ ಸ್ಪ್ರಿಂಗ್ ಬೇಕು.

ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಮುಂದೆ 25 ಮಿಮೀ ಇಳಿಸಿ ನಿಲ್ಲಿಸಿದೆ. ಅಲ್ಲಿಗೆ ಕೆಳಗಿನ ಆರ್ಮ್ ನೆಲಕ್ಕೆ ಸಮಾನಾಂತರವಾಗಿತ್ತು. ಇನ್ನೂ ಇಳಿಸಿದರೆ ಆರ್ಮ್ ಹೊರಗಿನ ತುದಿ ಮೇಲೆ ಹೋಗುತ್ತದೆ. ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗಾಡಿಗಿಂತ ವೇಗವಾಗಿ ಕೆಳಗಿಳಿಯುತ್ತದೆ. ಇಳಿಸಿದ ಗಾಡಿ ತಿರುವಿನಲ್ಲಿ ಇನ್ನೂ ಜಾಸ್ತಿ ವಾಲುತ್ತದೆ! ಹಿಂದೆ 15 ಮಿಮೀ ಮಾತ್ರ ಇಳಿಸಿದೆ. ತುಂಬಿದಾಗ ಅದು ತಾನಾಗಿ ಇನ್ನೊಂದು 23 ಮಿಮೀ ಕೂರುತ್ತದೆ.

ಇಷ್ಟಾದ ಮೇಲೆ ಶಾಕ್ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಸೀಲಿನವರೆಗೆ ತಳ್ಳಿ, ತುಂಬಿದ ಗಾಡಿಯನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿದೆ. ಟೈ ಎಲ್ಲಿಗೆ ಸರಿದಿದೆ ಅಂತ ನೋಡಿದರೆ ಶಾಕ್ ಎಷ್ಟು ಕುಗ್ಗಿತು ಅಂತ ಕಣ್ಣಿಗೇ ಕಾಣುತ್ತದೆ. ಕೊನೆಯಲ್ಲಿ ತಡೆಯುವ ಮೆತ್ತನೆಯ ಬಂಪ್ ಸ್ಟಾಪ್ ಮುಟ್ಟಬೇಕು, ಆದರೆ ಅದು ಚಪ್ಪಟೆಯಾಗಬಾರದು.

ರೀಬೌಂಡ್ ಹೊಂದಿಸುವಾಗ ಪೂರ್ತಿ ಗಟ್ಟಿ ಮಾಡಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಬಿಚ್ಚುತ್ತಾ ಬಂದೆ. ಸಾಲು ಉಬ್ಬುಗಳ ಮೇಲೆ ಗಾಡಿ ಕ್ರಮೇಣ ಕುಗ್ಗಿ ಗಡುಸಾಗುತ್ತಾ ಹೋದರೆ ರೀಬೌಂಡ್ ಜಾಸ್ತಿ ಅಂತ ಅರ್ಥ. ಚಕ್ರ ಕೆಳಗೆ ಬರುವ ಮೊದಲೇ ಮುಂದಿನ ಉಬ್ಬು ಬಂದುಬಿಡುತ್ತದೆ. ಒಂದೇ ದೊಡ್ಡ ಅಲೆಯ ಮೇಲೆ ಎರಡು ಸಲ ತೂಗಿದರೆ ಕಮ್ಮಿ. ಎರಡರ ನಡುವೆ ಹಿಂಬದಿಗೆ ಒಂದು ಜಾಗ ಸಿಕ್ಕಿತು. ಸಾಮಾನು ತುಂಬಿದಾಗ ಎರಡು ಕ್ಲಿಕ್ ಗಟ್ಟಿ ಮಾಡುತ್ತೇನೆ. ಭಾರ ಹೆಚ್ಚಾದರೆ ಅದನ್ನು ತಡೆಯಲು ಜಾಸ್ತಿ ಹಿಡಿತ ಬೇಕಲ್ವಾ?

ಸ್ಪ್ರಿಂಗ್ ಸ್ವಲ್ಪ ಓಡಿ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎತ್ತರ ಬದಲಾದರೆ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗಿಯೇ ಇರುತ್ತದೆ. ಹೆಡ್‌ಲೈಟ್ ದಿಕ್ಕನ್ನೂ ಮತ್ತೆ ಹೊಂದಿಸಿದೆ. ಖಾಲಿ ಗಾಡಿ ಚೂಪಾದ ಗುಂಡಿ ಅಂಚಿನ ಮೇಲೆ ಈಗಲೂ ಹಿಂದೆ ಕೊಂಚ ಕುಕ್ಕುತ್ತದೆ. ಒಬ್ಬನೇ ಹೋಗುವಾಗ ಹಿಂದಿನ ಟೈರಿನ ಗಾಳಿಯನ್ನು ತುಂಬಿದ ಗಾಡಿಯ ಮಟ್ಟದಿಂದ ಖಾಲಿ ಗಾಡಿಯ ಮಟ್ಟಕ್ಕೆ ಇಳಿಸುತ್ತೇನೆ. ಅಷ್ಟರಲ್ಲೇ ಬಹಳ ಮಟ್ಟಿಗೆ ಸರಿಹೋಗುತ್ತದೆ.